ಮಗುವಿನ ಕೈಗೆ ಒಗ್ಗುವ ಗಿಟಾರು

ಚಿರಂಜೀವಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಎಂಟು ವರ್ಷದ ಮಗಳು ಗಿಟಾರು ಕಲಿಯುತ್ತೇನೆಂದು ಹಟ ಹಿಡಿದಿರುವಳೆಂದೂ, ದೊಡ್ಡವಳಾದ ಮೇಲೂ ಬಳಕೆಗೆ ಬರಲೆಂದು ನೀನು ಪೂರ್ಣ ಅಳತೆಯ, ಉಕ್ಕಿನ ತಂತಿಯ ಗಿಟಾರನ್ನೇ ಕೊಳ್ಳಲು ಹೊರಟಿರುವೆಯೆಂದೂ ತಿಳಿಯಿತು. ಹಣ ಕೊಡುವ ಮೊದಲು ಇದನ್ನೊಮ್ಮೆ ಸಾವಧಾನವಾಗಿ ಓದು.

ಬೆಳೆಯುವ ಮಗುವಿಗೆ ಅಂಗಿಯನ್ನು ತುಸು ದೊಡ್ಡದೇ ತರಬಹುದು, ವಾದ್ಯವನ್ನು ತರಬಾರದು. ಪೂರ್ಣ ಅಳತೆಯ ಕ್ಲಾಸಿಕಲ್ (ನೈಲಾನ್ ತಂತಿಯ) ಗಿಟಾರಿನಲ್ಲಿ ನಟ್‌ನಿಂದ, ಅಂದರೆ ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿಯಿಂದ, ಒಡಲಿನ ಮೇಲೆ ತಂತಿಗಳನ್ನು ಕಟ್ಟುವ ಬ್ರಿಡ್ಜ್‌ವರೆಗೆ ಮಿಡಿಯುವ ತಂತಿಯ ಉದ್ದ ಸುಮಾರು 650 ಮಿಲಿಮೀಟರ್. ಮುಕ್ಕಾಲು ಅಳತೆಯದರಲ್ಲಿ 580ರ ಆಸುಪಾಸು. ಇದರಿಂದ ಮೊದಲ ಮೂರು ಫ್ರೆಟ್‌ಗಳ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿಗಳ) ಒಟ್ಟು ಹರವು 103 ಮಿಲಿಮೀಟರ್‌ನಿಂದ 92ಕ್ಕೆ ಇಳಿಯುತ್ತದೆ. ಆ ಒಂದು ಸೆಂಟಿಮೀಟರ್ ನಮಗೆ ಲೆಕ್ಕಕ್ಕಿಲ್ಲ, ಮಗುವಿಗೆ ಅದು ಒಂದು ಬೆರಳಿನಷ್ಟು ದೂರ. ಅವಳ ವಯಸ್ಸಿಗೆ ಸಾಮಾನ್ಯವಾಗಿ ಮುಕ್ಕಾಲು ಅಳತೆ ಸರಿಹೋಗುತ್ತದೆ, ಆದರೆ ವಯಸ್ಸನ್ನಷ್ಟೇ ನಂಬಬೇಡ: ಅವಳನ್ನು ಕೂರಿಸಿ, ಬಲಭುಜ ಮೇಲೇರದೆ ತೋಳು ಗಿಟಾರಿನ ಮೇಲೆ ಒರಗುವುದೇ, ಎಡಗೈ ಪೂರ್ತಿ ಚಾಚದೆ ಮೊದಲ ಫ್ರೆಟ್‌ಗೆ ನಿಲುಕುವುದೇ ಎಂದು ನೋಡು.

ತಂತಿಗಳು ನೈಲಾನಿನವೇ ಇರಲಿ. ಅವುಗಳ ಬಿಗಿತ ಉಕ್ಕಿನ ತಂತಿಗಳಿಗಿಂತ ಬಹಳ ಕಡಿಮೆಯಾದ್ದರಿಂದ ಎಳೆಯ ಬೆರಳಿನ ತುದಿ ಅಷ್ಟಾಗಿ ನೋಯುವುದಿಲ್ಲ. ಕ್ಲಾಸಿಕಲ್ ಗಿಟಾರಿನ ಕತ್ತು ಅಗಲ ಎಂಬುದೊಂದು ತೊಡಕು ನಿಜ, ಮುಕ್ಕಾಲು ಅಳತೆಯಲ್ಲಿ ಅದೂ ಸ್ವಲ್ಪ ಕಿರಿದಾಗುತ್ತದೆ. ಮುಂದೆಂದಾದರೂ ನಾದ ಜೋರಾಗಲೆಂದು ಅದೇ ಗಿಟಾರಿಗೆ ಉಕ್ಕಿನ ತಂತಿ ಕಟ್ಟಿಸಬೇಡ. ಆ ಎಳೆತಕ್ಕೆ ಬ್ರಿಡ್ಜ್ ಕಿತ್ತುಬರಬಹುದು.

ಎಲ್ಲಕ್ಕಿಂತ ಮುಖ್ಯವಾದದ್ದು ಫ್ರೆಟ್‌ಗಳಿಂದ ತಂತಿಯ ಎತ್ತರ, ಕೊಳ್ಳುವವರು ನೋಡದೆ ಬಿಡುವುದೂ ಅದನ್ನೇ. ನನ್ನ ಮೊದಲ ಗಿಟಾರಿನಲ್ಲಿ ತಂತಿಗಳು ಎಷ್ಟು ಮೇಲಿದ್ದವೆಂದರೆ, ನನ್ನ ಕೈಯೇ ಸಂಗೀತಕ್ಕೆ ಆಗದ ಕೈಯೆಂದು ನಂಬಿ ಆರು ವರ್ಷ ಅದನ್ನು ಮುಟ್ಟಲಿಲ್ಲ. ಆಮೇಲೆ ದುರಸ್ತಿಗಾರರೊಬ್ಬರು ನಟ್‌ನಲ್ಲಿ ತಂತಿ ಕೂರುವ ಸೀಳುಗಳನ್ನು ಅರದಿಂದ ತುಸು ಆಳ ಮಾಡಿಕೊಟ್ಟ ದಿನವೇ ಅದು ನುಡಿಯಿತು. ಕಳೆದುಹೋದ ಆ ಆರು ವರ್ಷಗಳ ನೋವು ಇನ್ನೂ ಇದೆ, ಅದಕ್ಕೇ ಇಷ್ಟು ಒತ್ತಿ ಬರೆಯುತ್ತಿದ್ದೇನೆ. ಹನ್ನೆರಡನೆಯ ಫ್ರೆಟ್‌ನ ಮೇಲೆ ದಪ್ಪ ತಂತಿಯ ಎತ್ತರ ಸುಮಾರು 4 ಮಿಲಿಮೀಟರ್, ತೆಳು ತಂತಿಯದು 3 ಮಿಲಿಮೀಟರ್ ಮೀರದಿರಲಿ. ಬಳಿಕ ತಂತಿಯನ್ನು ಮೂರನೆಯ ಫ್ರೆಟ್‌ನಲ್ಲಿ ಒತ್ತಿಹಿಡಿದು ಮೊದಲ ಫ್ರೆಟ್‌ನ ಮೇಲೆ ನೋಡು. ಅಲ್ಲಿ ಕೂದಲೆಳೆಯಷ್ಟೇ ಸಂದಿರಬೇಕು. ಕಲಿಯುವ ಮಗು ಮೊದಲ ತಿಂಗಳುಗಳನ್ನೆಲ್ಲ ಕಳೆಯುವುದು ಆ ಜಾಗದಲ್ಲೇ. ಸಂದು ಹೆಚ್ಚಿದ್ದರೆ ಗಿಟಾರನ್ನು ಮನೆಗೆ ತರುವ ಮೊದಲೇ ಸರಿಪಡಿಸಿಕೊಡಲು ಹೇಳು.

ಫ್ರೆಟ್‌ಗಳ ಅಂಚು ಬೆರಳಿಗೆ ತರಚದಿರಲಿ, ಶ್ರುತಿ ಮಾಡಲು ತಿರುಗಿಸುವ ಟ್ಯೂನಿಂಗ್ ಪೆಗ್‌ಗಳು ಜಾರದೆ ನಯವಾಗಿ ತಿರುಗಲಿ. ಗಿಟಾರಿನ ತಲೆಗೆ ಸಿಕ್ಕಿಸುವ, ಶ್ರುತಿ ತೋರಿಸುವ ಪುಟ್ಟ ಟ್ಯೂನರ್ ಒಂದನ್ನೂ ಕೊಂಡುಕೋ. ಹೊಸ ನೈಲಾನ್ ತಂತಿ ಕೆಲವು ದಿನ ಹಿಗ್ಗುತ್ತಲೇ ಇರುವುದರಿಂದ ಶ್ರುತಿ ಪದೇಪದೇ ಇಳಿಯುತ್ತದೆ. ಅದಕ್ಕೆ ಗಾಬರಿಯಾಗದೆ, ಪ್ರತಿದಿನ ಅವಳು ಕೂರುವ ಮೊದಲು ನೀನೇ ಶ್ರುತಿ ಮಾಡಿಕೊಡು.

ಇಂತಿ,
ನಿನ್ನ ದೊಡ್ಡಪ್ಪ