ಅಜ್ಜ ಹಾಕಿದ ಅರ್ಧ ಮದ್ದು

ಕನ್ನಡ ಕೂಟದ ಬಂಧುಗಳೇ,

ರಾತ್ರಿ ಹನ್ನೊಂದೂವರೆ. ಬೆಳಿಗ್ಗೆ ಏಳಕ್ಕೆ ಈ ಸಂಚಿಕೆ ನಿಮ್ಮೆಲ್ಲರ ಇಮೇಲಿಗೆ ಬರಬೇಕು. ರಾಜ್ಯೋತ್ಸವದ ಬಗ್ಗೆ ಬರೆಯೋಣ ಅಂತ ಕೂತೆ. ಆದರೆ ಎರಡು ತಿಂಗಳಿಂದ ಮಗನ ಒಂದು ಮಾತು ಮನಸ್ಸಿನಲ್ಲಿ ಕೊರೆಯುತ್ತಿದೆ. ಅದನ್ನು ಬರೆದು ಮುಗಿಸದೆ ಬೇರೇನೂ ಬರೆಯಲು ಆಗುತ್ತಿಲ್ಲ.

ಆಗಸ್ಟ್ ಕೊನೆಯಲ್ಲಿ ಅವನು ಮೊದಲ ಸಲ ಗುರಿ ಅಭ್ಯಾಸಕ್ಕೆ ಹೋಗಿದ್ದ. ಈಗ ಅವನಿಗೆ ಹನ್ನೆರಡು. ಇಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಅವನ ಕ್ಲಾಸಿನ ಅರ್ಧ ಮಕ್ಕಳು ನವೆಂಬರ್‌ನಲ್ಲಿ ಅಪ್ಪನ ಜೊತೆ, ತಾತನ ಜೊತೆ ಜಿಂಕೆ ಬೇಟೆಗೆ ಹೋಗುತ್ತಾರೆ. ಇವನಿಗೂ ಆಸೆ ಬಂತು. ನಮ್ಮ ಮನೆಯವರ ಸಹೋದ್ಯೋಗಿಯೊಬ್ಬರು ಒಳ್ಳೆಯ ಮನಸ್ಸಿನಿಂದ ತಮ್ಮ .30-06 ಅನ್ನುವ ದೊಡ್ಡ ತೋಟಾದ ರೈಫಲ್ ಕೊಟ್ಟು ಹೊಡೆಸಿದರು. ಐದು ಗುಂಡು. ಮನೆಗೆ ಬಂದವನು ಅಂಗಿ ಬಿಚ್ಚಿದಾಗ ನೋಡಿದೆ, ಭುಜ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ನಾನು ಏನೂ ಕೇಳಲಿಲ್ಲ. ಅವನೇ ಹೇಳಿದ: "ಅಮ್ಮಾ, ಕಣ್ಣು ಮುಚ್ಚಿಕೊಂಡು ಹೊಡೆದರೆ ನೋವು ಕಮ್ಮಿ ಆಗುತ್ತೆ."

ನನಗೆ ಅಳು ಬಂತು. ಯಾಕೆಂದರೆ ಅವನ ವಯಸ್ಸಿನಲ್ಲಿ ನಾನೂ ಅದನ್ನೇ ಕಂಡುಕೊಂಡಿದ್ದೆ.

ನಮ್ಮೂರು ಕೊಡಗಿನ ಸೋಮವಾರಪೇಟೆ ಹತ್ತಿರ. ಆಯುಧಗಳಿಗೆ ಪೂಜೆ ಮಾಡುವ ಕೈಲ್ ಮುಹೂರ್ತ ಹಬ್ಬ ಅಂದರೆ ನಮಗೆ ದೀಪಾವಳಿಗಿಂತ ದೊಡ್ಡದು. ನಾಟಿ ಕೆಲಸ ಮುಗಿದಿರುತ್ತಿತ್ತು, ಮಳೆ ಇನ್ನೂ ಜಿನುಗುತ್ತಿರುತ್ತಿತ್ತು. ಕೋವಿ, ಕತ್ತಿ ಎಲ್ಲ ಉಜ್ಜಿ ದೇವರ ಕೋಣೆಯಲ್ಲಿ ಇಟ್ಟು, ಕೋವಿಯ ಬಾಯಿಗೆ ಕೆಂಪು ಹಳದಿ ತೋಕ್ ಪೂ ಸಿಕ್ಕಿಸುತ್ತಿದ್ದರು. ಅಡುಗೆಮನೆಯಿಂದ ಹಂದಿ ಮಾಂಸದ ವಾಸನೆ, ಕಡಂಬಿಟ್ಟಿನ ಹಬೆ. ಶಿಕಾರಿ ಅನ್ನುವುದು 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಮ್ಮ ಮನೆಯಲ್ಲಿ ನಿಂತೇ ಹೋಗಿತ್ತು. ಕೋವಿ ಉಳಿದದ್ದು ಪೂಜೆಗೆ, ಮತ್ತೆ ಮಧ್ಯಾಹ್ನ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿ ಇಡುವುದಕ್ಕೆ.

ನನಗೆ ಹನ್ನೊಂದು ತುಂಬಿದ ವರ್ಷ ಚಿಕ್ಕಪ್ಪ ಜೋಡುನಳಿಗೆ ಕೋವಿಯನ್ನು ಕೈಗೆ ಕೊಟ್ಟರು. ಹನ್ನೆರಡು ಬೋರಿನದು. ಅದರ ಹಿಂಬದಿಯ ಮರ ನನ್ನ ಕೈಗೆ ತುಂಬಾ ಉದ್ದ. ಟ್ರಿಗರ್ ಎಟುಕಲಿ ಅಂತ ಕೋವಿಯನ್ನು ಕಂಕುಳ ಹತ್ತಿರ ಸರಿಸಿಕೊಂಡೆ. ಈಡು ಹೊಡೆದದ್ದೊಂದೇ ಗೊತ್ತು. ಆಮೇಲೆ ನೆಲದ ಮೇಲಿದ್ದೆ. ಕೆನ್ನೆ ಊದಿತ್ತು, ತೋಳು ಎತ್ತಲು ಆಗುತ್ತಿರಲಿಲ್ಲ. ಅಜ್ಜಿ ಅರಶಿನ ಹಚ್ಚಿದರು. ಅಣ್ಣಂದಿರು ನಕ್ಕರು. ಮುಂದಿನ ವರ್ಷ ಹಠದಿಂದ ಮತ್ತೆ ನಿಂತೆ. ಹೊಡೆಯುವ ಮೊದಲೇ ಕಣ್ಣು ಮುಚ್ಚಿದೆ. ಕಾಯಿ ಅಲ್ಲೇ ಇತ್ತು. ಅದರ ಮುಂದಿನ ವರ್ಷವೂ ಅಲ್ಲೇ ಇತ್ತು.

ಅಜ್ಜ ಜಾಸ್ತಿ ಮಾತಾಡುವವರಲ್ಲ. ಆ ಮೂರನೇ ವರ್ಷ ಅವರು ನನ್ನನ್ನು ಗದ್ದೆಯ ಕಡೆ ಕರೆದುಕೊಂಡು ಹೋದರು. ಕೋವಿಗೆ ಅವರೇ ತೋಟಾ ಹಾಕಿ ಕೊಟ್ಟರು. ಟ್ರಿಗರ್ ಎಳೆದೆ. ಟಕ್ ಅಂತ ಸದ್ದು ಅಷ್ಟೇ. ಖಾಲಿ ತೋಟಾ ಹಾಕಿದ್ದರು. ಆದರೆ ಕೋವಿಯ ಬಾಯಿ ಒಂದು ಗೇಣು ಕೆಳಗೆ ಬಿದ್ದಿತ್ತು. ಗುಂಡೇ ಇಲ್ಲದ ಕೋವಿಯನ್ನು ನಾನೇ ಕುಗ್ಗಿಸಿದ್ದೆ. "ನಿನ್ನ ಕೈ ಕೆಟ್ಟಿಲ್ಲ ಮಗಾ, ಹೆದರಿಕೆ ಕೂತಿದೆ" ಅಂದರು. ಆಮೇಲೆ ಮನೆಯ ಹಳೇ ಕೇಪಿನ ಕೋವಿ ತಂದರು. ಅದಕ್ಕೆ ಸಿಡಿಮದ್ದನ್ನು ನಳಿಗೆಯ ಬಾಯಿಂದಲೇ ಸುರಿಯಬೇಕು. ಬಿದಿರಿನ ಅಳತೆಯಲ್ಲಿ ತುಂಬ ತುಂಬಿ, ನನ್ನ ಮುಖ ನೋಡಿ, ಅರ್ಧ ವಾಪಸ್ ಸುರಿದರು. ತೆಂಗಿನ ಕತ್ತ ತುರುಕಿ ಗಜದ ಕೋಲಿನಲ್ಲಿ ಜಡಿದರು, ಚರೆ ಹಾಕಿದರು. ಭಾರದ ಕೋವಿ, ಅರ್ಧ ಮದ್ದು. ಈಡು ಹೋಯಿತು. ಭುಜಕ್ಕೆ ಯಾರೋ ಮೆಲ್ಲಗೆ ದೂಡಿದ ಹಾಗೆ ಆಯಿತು. ಆ ಸಂಜೆ ಎಂಟು ಸಲ ಹೊಡೆದೆ. ಕಣ್ಣು ಯಾವಾಗ ತೆರೆಯಿತೋ ನನಗೇ ಗೊತ್ತಾಗಲಿಲ್ಲ.

ಸಸ್ಯಾಹಾರಿ ಮನೆಗಳವರು, ಬೇಟೆ ಬೇಡ ಅನ್ನುವವರು ನಮ್ಮ ಕೂಟದಲ್ಲಿ ಬಹಳ ಮಂದಿ ಇದ್ದೀರಿ. ನಿಮ್ಮ ಮನಸ್ಸು ನೋಯಿಸಲು ಇದನ್ನು ಬರೆಯುತ್ತಿಲ್ಲ. ಆದರೆ ಮಗ ಹೋಗುವುದೇ ಆದರೆ, ಆ ಪ್ರಾಣಿ ಒಂದೇ ಏಟಿಗೆ ಹೋಗಬೇಕು. ಕಣ್ಣು ಮುಚ್ಚಿ ಹೊಡೆದ ಗುಂಡು ಹೊಟ್ಟೆಗೋ ಕಾಲಿಗೋ ಬಿದ್ದರೆ ಅದು ರಾತ್ರಿಯಿಡೀ ನರಳುತ್ತದೆ. ಹಾಗಾಗಿ ಕೋವಿಯ ಒದೆತ ಮಗುವಿನ ಭುಜಕ್ಕೆ ಮಾತ್ರ ಸೇರಿದ ವಿಷಯ ಅಲ್ಲ.

ಮಕ್ಕಳ ಜೊತೆ ಹೊರಟಿರುವ ಮೂರು ನಾಲ್ಕು ಮನೆಗಳವರು ನನ್ನನ್ನು ಕೇಳಿದ್ದೀರಿ. ನಾವು ಕಲಿತದ್ದನ್ನು ಹೇಳುತ್ತೇನೆ. ನಮಗೆ ಕಲಿಸಿದವರು ಪಕ್ಕದ ಬೀದಿಯ ಒಬ್ಬ ನಿವೃತ್ತ ಮೇಷ್ಟ್ರು. ಐವತ್ತು ವರ್ಷ ಬೇಟೆ ಆಡಿದವರು.

.30-06 ಅನ್ನುವುದು 1906ರಲ್ಲಿ ಅಮೆರಿಕದ ಸೈನ್ಯಕ್ಕೆ ಅಂತ ಮಾಡಿದ ತೋಟಾ. ಎಂಟು ಪೌಂಡ್ ಕೋವಿಯಲ್ಲಿ 180 ಗ್ರೇನ್ ತೂಕದ ಗುಂಡು ಹೊಡೆದರೆ ಒದೆತದ ಶಕ್ತಿ 20 ಫುಟ್-ಪೌಂಡ್‌ಗೂ ಜಾಸ್ತಿ. ನಾವು ಮಗನಿಗೆ ಆರಿಸಿದ ಸಣ್ಣ ತೋಟಾ .243 ವಿಂಚೆಸ್ಟರ್‌ನಲ್ಲಿ 100 ಗ್ರೇನ್ ಗುಂಡಿಗೆ ಅದು ಹತ್ತರ ಆಸುಪಾಸು. ಅಂದರೆ ಹೆಚ್ಚುಕಮ್ಮಿ ಅರ್ಧ. ಈ .243 ಬಂದದ್ದು 1955ರಲ್ಲಿ, .308 ಅನ್ನುವ ಇನ್ನೊಂದು ತೋಟಾದ ಕತ್ತನ್ನು ಕಿರಿದು ಮಾಡಿ. ನೂರು ಗ್ರೇನ್ ಅಂದರೆ ಸುಮಾರು ಆರೂವರೆ ಗ್ರಾಂ, ಅಷ್ಟೇ. ಆದರೂ 200 ಗಜದಲ್ಲಿ ಅದಕ್ಕೆ 1,300 ಫುಟ್-ಪೌಂಡ್ ಶಕ್ತಿ ಇರುತ್ತದೆ. ಜಿಂಕೆಗೆ ಸಾವಿರ ಸಾಕು ಅಂತ ಹಳಬರ ಲೆಕ್ಕ. ನಾವಂತೂ ಮಗನಿಗೆ ನೂರು ಗಜ ದಾಟಬಾರದು, ಜಿಂಕೆ ಅಡ್ಡವಾಗಿ ನಿಂತಿದ್ದರೆ ಮಾತ್ರ, ಮುಂಗಾಲಿನ ಹಿಂದೆ ಶ್ವಾಸಕೋಶಕ್ಕೆ ಮಾತ್ರ ಅಂತ ಹೇಳಿದ್ದೇವೆ.

ಒಂದು ಎಚ್ಚರಿಕೆ. .243 ಅಂತ ಬರೆದ ಪೆಟ್ಟಿಗೆ ಎಲ್ಲ ಒಂದೇ ಅಲ್ಲ. 55, 58 ಗ್ರೇನಿನ ಹಗುರ ಗುಂಡುಗಳು ನರಿಯಂಥ ಸಣ್ಣ ಪ್ರಾಣಿಗೆ. ಅವು ಜಿಂಕೆಯ ಚರ್ಮದ ಹತ್ತಿರವೇ ಒಡೆದು ಹೋಗುತ್ತವೆ. ಒದೆತ ಇನ್ನೂ ಕಮ್ಮಿ ಅಂತ ಅದನ್ನು ತರಬೇಡಿ. 95 ಅಥವಾ 100 ಗ್ರೇನಿನ ಬೇಟೆ ಗುಂಡು ತನ್ನಿ. ಇಲ್ಲವಾದರೆ 80, 85 ಗ್ರೇನಿನ ಪೂರ್ತಿ ತಾಮ್ರದ ಗುಂಡು. ನಾವು ತಾಮ್ರದ್ದೇ ಆರಿಸಿದೆವು. ಸೀಸದ ಗುಂಡು ಒಡೆದರೆ ಸಣ್ಣ ಚೂರು ಮಾಂಸದಲ್ಲಿ ಉಳಿಯುತ್ತದೆ, ಮನೆಯಲ್ಲಿ ಐದು ವರ್ಷದ ಮಗಳೂ ತಿನ್ನುವವಳು.

ಮಗ ಬೇಗ ಬೆಳೆಯುತ್ತಾನೆ, ಮುಂದಕ್ಕೂ ಆಗಬೇಕು ಅನ್ನುವವರಿಗೆ 7 ಎಂಎಂ-08 ಅನ್ನುವ ತೋಟಾದ ಕೋವಿ ಒಳ್ಳೆಯದು. ಈಗ ಒದೆತ ಕಮ್ಮಿ ಮಾಡಿದ ತೋಟಾ ಹಾಕಿ, ದೊಡ್ಡವನಾದ ಮೇಲೆ ಪೂರ್ತಿ ಬಲದ್ದು. ತೋಟಾ ಮಾಡುವ ಹಾರ್ನಡಿ ಕಂಪನಿಯವರ 'ಕಸ್ಟಮ್ ಲೈಟ್' ಪೆಟ್ಟಿಗೆಯಲ್ಲಿ 120 ಗ್ರೇನ್ ಗುಂಡು ಸೆಕೆಂಡಿಗೆ 2,675 ಅಡಿ ವೇಗದಲ್ಲಿ ಹೋಗುತ್ತದೆ. ಒದೆತ ಹೆಚ್ಚುಕಮ್ಮಿ .243ರಷ್ಟೇ. ಇದನ್ನು ಮೇಷ್ಟ್ರು ವಿವರಿಸಿದಾಗ ನನಗೆ ಅಜ್ಜನ ಬಿದಿರಿನ ಅಳತೆ ಕಣ್ಣ ಮುಂದೆ ಬಂತು. ಅರ್ಧ ಮದ್ದು! ಮೇಷ್ಟ್ರು ತಮ್ಮ ತೋಟಾ ತಾವೇ ತುಂಬುತ್ತಾರೆ. ಎಚ್4895 ಅನ್ನುವ ಮದ್ದನ್ನು ಪಟ್ಟಿಯಲ್ಲಿರುವ ಗರಿಷ್ಠ ಅಳತೆಯ ಶೇಕಡ 60ರ ತನಕ ಇಳಿಸಬಹುದು ಅಂತ ಅದನ್ನು ಮಾರುವ ಹಾಡ್ಜ್‌ಡನ್ ಕಂಪನಿಯೇ ಹೇಳುತ್ತದೆ. ಬೇರೆ ಮದ್ದಿಗೆ ಈ ಲೆಕ್ಕ ಹಾಕಬೇಡಿ. ನಿಧಾನವಾಗಿ ಉರಿಯುವ ಮದ್ದನ್ನು ತೀರಾ ಕಮ್ಮಿ ಹಾಕಿದರೆ ಕೋವಿಯೇ ಸಿಡಿಯುವ ಅಪಾಯ ಇದೆ. ಗೊತ್ತಿಲ್ಲದವರು ಅಂಗಡಿಯ ಪೆಟ್ಟಿಗೆಯೇ ತನ್ನಿ.

ಕೋವಿಯ ಅಳತೆ ತೋಟಾದಷ್ಟೇ ಮುಖ್ಯ. ಟ್ರಿಗರಿನಿಂದ ಹಿಂಬದಿಯ ತುದಿಗೆ ದೊಡ್ಡವರ ಕೋವಿಯಲ್ಲಿ ಹದಿಮೂರುವರೆ ಇಂಚು ಇರುತ್ತದೆ. ಮಕ್ಕಳಿಗೆ ಹನ್ನೆರಡೂವರೆ ಬೇಕು. ರೂಗರ್ ಅಮೆರಿಕನ್ ಕಾಂಪ್ಯಾಕ್ಟ್ ಆ ಅಳತೆಯದು. ಮಾಸ್‌ಬರ್ಗ್‌ನವರ ಮಕ್ಕಳ ಕೋವಿಗೆ ನಡುವೆ ಒಂದು ತುಂಡು ಸೇರಿಸಿ ಉದ್ದ ಮಾಡಿಕೊಳ್ಳಬಹುದು. "ದೊಡ್ಡದೇ ತಗೊಳ್ಳಿ, ಬೆಳೆದ ಮೇಲೆ ಸರಿಹೋಗುತ್ತೆ" ಅಂತ ಒಂದು ಅಂಗಡಿಯಲ್ಲಿ ಹೇಳಿದರು. ಚಪ್ಪಲಿಗಾದರೆ ಸರಿ, ಕೋವಿಗೆ ಆ ಮಾತು ನಂಬಬೇಡಿ. ಹಾಗೇ ತೀರಾ ಹಗುರದ್ದೂ ಬೇಡ. ಹೊರಲು ಸುಲಭ, ಆದರೆ ಕೋವಿ ಹಗುರ ಆದಷ್ಟೂ ಒದೆತ ಜಾಸ್ತಿ. ಕೋವಿಯ ಮೇಲೆ ಕೂರಿಸಿದ ದೂರದರ್ಶಕ ಸೇರಿ ಏಳು ಪೌಂಡ್ ಇರಲಿ, ಊರಲು ಕೋಲು ಕೊಡಿ. ಹಿಂಬದಿಗೆ ಮೆತ್ತನೆ ರಬ್ಬರ್ ಇರಲಿ. ಕೋವಿಯ ಬಾಯಿಗೆ ಹಾಕುವ ಬ್ರೇಕ್ ಒದೆತ ಕಮ್ಮಿ ಮಾಡುತ್ತದೆ ನಿಜ, ಆದರೆ ಸದ್ದು ಭಯಂಕರ. ಎಷ್ಟೋ ಮಕ್ಕಳು ಬೆಚ್ಚುವುದು ಒದೆತಕ್ಕಿಂತ ಸದ್ದಿಗೆ. ಕಿವಿಯೊಳಗೆ ಪ್ಲಗ್, ಮೇಲೆ ಮಫ್, ಎರಡೂ ಹಾಕಿ.

ಅಕ್ಟೋಬರ್‌ನಲ್ಲಿ ಮಕ್ಕಳಿಗೇ ಅಂತ ಎರಡು ದಿನದ ಬೇಟೆ ಇರುತ್ತದೆ. ನಾವು ಹೋಗಲಿಲ್ಲ. ಮಗ ಸ್ವಲ್ಪ ಅತ್ತ. ಆ ತಿಂಗಳೆಲ್ಲ ಸಣ್ಣ .22 ಕೋವಿಯಲ್ಲೇ ಹೊಡೆದ, ದಿನಕ್ಕೆ ಇಪ್ಪತ್ತು ಗುಂಡು. ಆಮೇಲಷ್ಟೇ .243.

ಕಾನೂನಿನ ಎರಡು ಮಾತು. 1973ರ ಜನವರಿ 1ರಿಂದ ಈಚೆಗೆ ಹುಟ್ಟಿದವರು ಇಲ್ಲಿ ಹಂಟರ್ ಎಜುಕೇಶನ್ ತರಗತಿ ಮುಗಿಸಬೇಕು. ಅನುಭವಸ್ಥರು ಕೈಗೆಟುಕುವಷ್ಟು ಹತ್ತಿರ ಇದ್ದು ಕಲಿಸುವ ದಾರಿಯೂ ಇದೆ, ಆದರೆ ತರಗತಿಯೇ ಒಳ್ಳೆಯದು. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ದಯವಿಟ್ಟು ಗಮನಿಸಿ. ನೀವು ಕೋವಿ ಇಟ್ಟುಕೊಳ್ಳುವುದನ್ನು ಕೇಂದ್ರದ ಕಾನೂನು ತಡೆಯುತ್ತದೆ. ಬೇಟೆಯ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಏನೇ ಮಾಡುವ ಮೊದಲು ವಕೀಲರನ್ನು ಕೇಳಿ. ಮನೆಯಲ್ಲಿ ಕೋವಿಗೆ ಬೀಗ, ತೋಟಾಕ್ಕೆ ಬೇರೆ ಬೀಗ. ಮಾಂಸ ತಿನ್ನುವ ಮೊದಲು ಸಿಡಬ್ಲ್ಯುಡಿ (ಜಿಂಕೆಗಳ ಮಿದುಳಿಗೆ ಬರುವ ಮಾರಕ ರೋಗ) ಪರೀಕ್ಷೆ ಮಾಡಿಸಿ. ಆ ರೋಗ 2002ರಿಂದ ನಮ್ಮ ರಾಜ್ಯದ ಜಿಂಕೆಗಳಲ್ಲಿ ಇದೆ.

ಈಗ ಕೂಟದ ಸುದ್ದಿ, ಬೇಗ ಬೇಗ. ರಾಜ್ಯೋತ್ಸವ ಈ ತಿಂಗಳ ಎರಡನೇ ಶನಿವಾರ, ಸಂಜೆ ನಾಲ್ಕಕ್ಕೆ, ಹೋದ ವರ್ಷದ ಸಭಾಂಗಣದಲ್ಲೇ. ಥ್ಯಾಂಕ್ಸ್‌ಗಿವಿಂಗ್ ಮುಂಚಿನ ಶನಿವಾರ ಗನ್ ಸೀಸನ್ ಶುರುವಾಗುತ್ತದೆ, ಅದಕ್ಕೆ ಒಂದು ವಾರ ಮೊದಲೇ ಇಟ್ಟಿದ್ದೇವೆ. ಊಟಕ್ಕೆ ಹೆಸರು ಬುಧವಾರದೊಳಗೆ ಕೊಡಿ, ಸಸ್ಯಾಹಾರ ಬೇರೆ ಬರೆಯಿರಿ. ಮಕ್ಕಳ ಕೋಲಾಟದ ತಾಲೀಮು ಭಾನುವಾರ ಹತ್ತಕ್ಕೆ. ಕನ್ನಡ ತರಗತಿಯ ಎರಡನೇ ಹಂತಕ್ಕೆ ಇನ್ನೂ ಐದು ಜಾಗ ಇದೆ. ಕೋಟು ಸಂಗ್ರಹದ ಡಬ್ಬ ಬಾಗಿಲ ಹತ್ತಿರ ಇರುತ್ತದೆ.

ಇನ್ನೊಂದು. ಪುಟ ಜೋಡಿಸಿ ಕೊಡುತ್ತಿದ್ದ ನಮ್ಮ ಅಕ್ಕ ಹೋದ ತಿಂಗಳು ಮೈಸೂರಿಗೇ ವಾಪಸ್ ಹೋದರು. ಆರು ವರ್ಷ ಒಂದು ಸಂಚಿಕೆಯೂ ತಪ್ಪಿಸಿರಲಿಲ್ಲ. ಅವರು ಹೋದ ಮೇಲೆ ಬರೆಯುವುದು, ತಿದ್ದುವುದು, ಜೋಡಿಸುವುದು ಎಲ್ಲ ನಾನೊಬ್ಬಳೇ. ಕೆಲಸದ ಜೊತೆ ಆಗುತ್ತಿಲ್ಲ. ತಿಂಗಳಿಗೆ ಎರಡು ಗಂಟೆ ಕೊಡಬಲ್ಲವರು ಯಾರಾದರೂ ಇದ್ದರೆ ಈ ಇಮೇಲಿಗೇ ಉತ್ತರ ಬರೆಯಿರಿ. ಕನ್ನಡ ಟೈಪಿಂಗ್ ಬಾರದಿದ್ದರೂ ನಾನು ಕಲಿಸುತ್ತೇನೆ.

ಹೋದ ಭಾನುವಾರ ಮಗನ ಜೊತೆ ನಾನೂ ಹೋಗಿದ್ದೆ. ಮೇಷ್ಟ್ರು ಒಂದೊಂದೇ ತೋಟಾ ಕೋವಿಗೆ ತುಂಬಿ ಕೊಡುತ್ತಿದ್ದರು. ಎರಡು ಗುಂಡು ಕಾಗದದ ವೃತ್ತದಲ್ಲಿ ಬಿದ್ದವು. ಮೂರನೆಯದಕ್ಕೆ ಮೇಷ್ಟ್ರು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ಟಕ್. ಖಾಲಿ ತೋಟಾ. ಕೋವಿಯ ಬಾಯಿ ಅಲುಗಲಿಲ್ಲ. ಮಗ ಇನ್ನೂ ದೂರದರ್ಶಕದಲ್ಲೇ ನೋಡುತ್ತಾ, "ಇದರಲ್ಲಿ ಗುಂಡೇ ಇರಲಿಲ್ಲ" ಅಂದ, ಸ್ವಲ್ಪ ಬೇಸರದಲ್ಲಿ. ಆ ಹಿರಿಯರಿಗೆ ನಮ್ಮ ಗದ್ದೆಯ ಕಥೆ ನಾನು ಹೇಳಿರಲೇ ಇಲ್ಲ.

ಡಿಸೆಂಬರ್‌ನಲ್ಲಿ ಕೊಡಗಿನ ಕಡೆ ಹೋಗುವವರು ಯಾರಾದರೂ ಇದ್ದೀರಾ? ಒಂದು ಬಾಟಲಿ ಕಾಚಂಪುಳಿ (ನಮ್ಮ ಕಪ್ಪು ಹುಳಿ) ತಂದುಕೊಡಿ. ಮನೆಯಲ್ಲಿದ್ದದ್ದು ಮುಗಿಯುತ್ತಾ ಬಂದಿದೆ. ಮಗನಿಗೆ ಜಿಂಕೆ ಸಿಕ್ಕರೆ ಅದಿಲ್ಲದೆ ಅಡುಗೆ ಆಗುವುದಿಲ್ಲ, ಸಿಗದಿದ್ದರೂ ಹಂದಿ ಮಾಂಸಕ್ಕೆ ಬೇಕು.

ನಿಮ್ಮ ಸಂಪಾದಕಿ