ಎಕೋ ವರದಿಯ ಕೊನೆಗೆ ಎರಡು ಸಾಲು ಕನ್ನಡ ಬೇಕು

ಮಾನ್ಯ ಸಂಪಾದಕರೇ,

ನಮ್ಮ ಅಮ್ಮನಿಗೆ 61 ವರ್ಷ. ತೋಟದಿಂದ ಮನೆಗೆ ಹತ್ತುವ ಮೆಟ್ಟಿಲಲ್ಲಿ ಎರಡೆರಡು ಸಲ ಕೂರಲು ಶುರು ಮಾಡಿದಾಗ ಪ್ರಾಯ ಆಯಿತಲ್ಲ ಅಂದುಕೊಂಡೆವು. ಆಮೇಲೆ ರಾತ್ರಿ ಮಲಗಿದರೆ ಕೆಮ್ಮು, ದಿಂಬಿನ ಮೇಲೆ ದಿಂಬು ಇಟ್ಟರೆ ಮಾತ್ರ ನಿದ್ದೆ. ಕಾಸರಗೋಡು ಜಿಲ್ಲೆಯಲ್ಲೇ ಹತ್ತಿರದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಇಸಿಜಿ ತೆಗೆದರು, ಎಕೋ ಅಂದರೆ ಹೃದಯದ ಸ್ಕ್ಯಾನ್ ಮಾಡಿದರು, ಮಾತ್ರೆ ಬರೆದುಕೊಟ್ಟರು. ವರದಿ ಪೂರ್ತಿ ಇಂಗ್ಲಿಷ್, ಮಾತು ಪೂರ್ತಿ ಮಲಯಾಳ. ಅಮ್ಮನಿಗೆ ಅರ್ಥವಾದದ್ದು ತಿಂಗಳು ಬಿಟ್ಟು ಬರಬೇಕು ಅನ್ನುವುದಷ್ಟೇ. ಮಾತ್ರೆಯಲ್ಲಿ ಸ್ವಲ್ಪ ಆರಾಮ ಅನಿಸಿತು, ಹೋಗಲಿಲ್ಲ. ನಾನೂ ವರದಿ ನೋಡಿದ್ದೆ. ಇಎಫ್, ಅಂದರೆ ಹೃದಯ ಪ್ರತಿ ಬಡಿತಕ್ಕೆ ತನ್ನೊಳಗಿನ ರಕ್ತದಲ್ಲಿ ಎಷ್ಟು ಪಾಲು ಒತ್ತುತ್ತದೆ ಅನ್ನುವ ಲೆಕ್ಕ, ಶೇಕಡಾ 64 ಅಂತ ಇತ್ತು, ಪಂಪಿಂಗ್ ಚೆನ್ನಾಗಿದೆ ಅಂದುಕೊಂಡು ಫೈಲನ್ನು ಕಪಾಟಿನಲ್ಲಿ ಇಟ್ಟೆ.

8 ತಿಂಗಳ ನಂತರ ಕಾಲು ಊದಿಕೊಂಡು ಮಂಗಳೂರಿಗೆ ಓಡಿದೆವು. ಅಲ್ಲಿಯ ಡಾಕ್ಟರು ಹಳೆಯ ಫೈಲು ತೆರೆದು ಒಂದು ಸಾಲಿನ ಮೇಲೆ ಬೆರಳಿಟ್ಟರು: ಮಾಡರೇಟ್ ಟು ಸಿವಿಯರ್ ಎಂಆರ್. ಅಂದರೆ ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟದ ಲೀಕ್ ಆಗಲೇ ಜೋರಾಗಿತ್ತು. ಲೀಕ್ ಇರುವಾಗ ಇಎಫ್ ಚೆನ್ನಾಗಿಯೇ ಕಾಣುತ್ತದೆ, ಯಾಕೆಂದರೆ ಹೃದಯ ಒತ್ತಿದ ರಕ್ತದಲ್ಲಿ ಒಂದು ಪಾಲು ಮೈಗೆ ಹೋಗದೆ ಹಿಂದಕ್ಕೇ ನುಗ್ಗಿದರೂ ಆ ಲೆಕ್ಕದಲ್ಲಿ ಸೇರಿಬಿಡುತ್ತದೆ ಅಂತ ಅವರು ಬಿಡಿಸಿ ಹೇಳಿದ ಮೇಲೆಯೇ ನನಗೆ ಗೊತ್ತಾದದ್ದು.

ಮತ್ತೆ ಎಕೋ ಮಾಡಿದರು. ಅಮ್ಮನನ್ನು ಎಡಮಗ್ಗುಲಿಗೆ ಮಲಗಿಸಿ, ಎದೆಗೆ ತಣ್ಣಗಿನ ಜೆಲ್ ಸವರಿ, ಪಕ್ಕೆಲುಬಿನ ಸಂದಿಯಲ್ಲಿ ಪ್ರೋಬ್ ಒತ್ತಿದರು. ಕಿವಿಗೆ ಕೇಳಿಸದ ಶಬ್ದದ ಅಲೆ ಹೃದಯಕ್ಕೆ ತಾಗಿ ವಾಪಸು ಬರುತ್ತದೆ, ಅದರಿಂದಲೇ ಚಿತ್ರ. ಎಕ್ಸ್‌ರೇಯ ಹಾಗೆ ವಿಕಿರಣ ಇಲ್ಲ, ಸೂಜಿಯೂ ಇಲ್ಲ. ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಕಲರ್ ಡಾಪ್ಲರ್ ಹಾಕಿದಾಗ ಪ್ರೋಬ್ ಕಡೆಗೆ ಬರುವ ರಕ್ತ ಕೆಂಪು, ದೂರ ಹೋಗುವುದು ನೀಲಿ. ಕವಾಟ ಮುಚ್ಚಿಕೊಳ್ಳಬೇಕಾದ ಹೊತ್ತಿಗೆ ಎರಡು ಎಸಳಿನ ನಡುವಿನಿಂದ ನೀಲಿ, ಹಳದಿ, ಹಸಿರು ಕಲಸಿದ ಬುಗ್ಗೆಯೊಂದು ಮೇಲಿನ ಕೋಣೆಗೆ ಚಿಮ್ಮುತ್ತಿತ್ತು, ಪ್ರತಿ ಬಡಿತಕ್ಕೂ. ಆ ಬುಗ್ಗೆಯ ಕತ್ತಿನ ಅಗಲ ಅಳೆದರು. 7 ಮಿಲಿಮೀಟರ್ ದಾಟಿದರೆ ಲೀಕ್ ತೀವ್ರ ಅಂತ ಲೆಕ್ಕವಂತೆ. ಡಾಕ್ಟರು ಪರದೆಯನ್ನು ಅಮ್ಮನ ಕಡೆಗೆ ತಿರುಗಿಸಿದರು. "ಸ್ಪ್ರಿಂಕ್ಲರ್ ಪೈಪಿನ ಜಾಯಿಂಟ್ ಬಿಟ್ಟ ಹಾಗೆ ಉಂಟಲ್ಲ, ಇದನ್ನು ಅಲ್ಲೇ ತೋರಿಸಿದ್ದರೆ ನಾನು ಮತ್ತೆ ಹೋಗದೆ ಇರುತ್ತಿದ್ದೆನಾ?" ಅಂತ ಅಮ್ಮ ಕೇಳಿದಳು.

ಇದಕ್ಕೆ ತೀರಾ ಉಲ್ಟಾ ಆದದ್ದನ್ನೂ ನೋಡಿದ್ದೇನೆ. ನೆರೆಮನೆಯ ಅಕ್ಕನ ವರದಿಯಲ್ಲಿ ಟ್ರಿವಿಯಲ್ ಎಂಆರ್ ಅಂತ ಇತ್ತು. ಅಷ್ಟು ಸಣ್ಣ ಲೀಕ್ ಆರೋಗ್ಯವಂತರಲ್ಲೂ ಬಹಳ ಜನಕ್ಕೆ ಇರುತ್ತದೆ, ಅದಕ್ಕೆ ಮದ್ದೂ ಬೇಡ. ಆದರೆ ಹಾರ್ಟ್ ಲೀಕ್ ಅಂತ ಕೇಳಿದ್ದೇ ತಡ, ಅವರು ಹೆದರಿ ಬೀಡಿ ಕಟ್ಟುವುದನ್ನೂ ಬಿಟ್ಟು ಮನೆಯಲ್ಲೇ ಕೂತರು.

ಕಾಸರಗೋಡು ಜಿಲ್ಲೆಯ ಆಸ್ಪತ್ರೆಗಳಲ್ಲಿ ನಾನು ಕೇಳುವುದು ದೊಡ್ಡದೇನಲ್ಲ. ಎಕೋ ವರದಿಯ ಕೊನೆಗೆ ಕನ್ನಡದಲ್ಲಿ ಎರಡು ಸಾಲು: ಲೀಕ್ ಇದೆಯೋ ಇಲ್ಲವೋ, ಇದ್ದರೆ ಎಷ್ಟು, ಮತ್ತೆ ಯಾವಾಗ ಬರಬೇಕು, ಬರದಿದ್ದರೆ ಏನಾಗಬಹುದು. ಡಾಕ್ಟರಿಗೆ ಪುರುಸೊತ್ತಿಲ್ಲ, ಹೊರಗೆ ಸಾಲು ನಿಂತಿರುತ್ತದೆ, ಅದು ನನಗೂ ಗೊತ್ತು. ಅದಕ್ಕೇ ಒಂದು ರಬ್ಬರ್ ಸ್ಟಾಂಪ್ ಸಾಕು ಅನ್ನುತ್ತಿದ್ದೇನೆ: ಸ್ವಲ್ಪ, ಮಧ್ಯಮ, ಜೋರು ಅಂತ ಮೂರು ಚೌಕ, ಒಂದಕ್ಕೆ ಟಿಕ್, ಪಕ್ಕದಲ್ಲಿ ತಾರೀಕು. ಇಲ್ಲಿಯ ಕನ್ನಡಿಗರು ಸರ್ಕಾರಿ ಕಚೇರಿಗೆ ಕನ್ನಡದಲ್ಲೇ ಬರೆಯಬಹುದು ಅಂತ ಕೇರಳದ 1969ರ ಭಾಷಾ ಕಾನೂನು ಒಪ್ಪಿದೆ. ಎದೆಯ ವಿಷಯ ಕನ್ನಡದಲ್ಲಿ ತಿಳಿಯುವುದು ಅದಕ್ಕಿಂತ ಜಾಸ್ತಿ ಮುಖ್ಯ ಅಲ್ವಾ?

ಅಮ್ಮನ ಆಪರೇಷನ್ ಮುಂದಿನ ತಿಂಗಳು. ಅವಳದೇ ಕವಾಟವನ್ನು ರಿಪೇರಿ ಮಾಡಲು ನೋಡುತ್ತೇವೆ, ಆಗದಿದ್ದರೆ ಬದಲಿಸಬೇಕಾಗುತ್ತದೆ ಅಂದಿದ್ದಾರೆ. ಕಪಾಟಿನಲ್ಲಿ ಎಕೋ ಫೈಲು ಇಟ್ಟುಕೊಂಡಿರುವವರು ದಯವಿಟ್ಟು ಇವತ್ತೇ ತೆಗೆದು, ತಿಳಿದ ಡಾಕ್ಟರ ಹತ್ತಿರ ಒಮ್ಮೆ ಓದಿಸಿ.

— ಒಬ್ಬ ಓದುಗ, ಬದಿಯಡ್ಕ