ಕತೆ ಕಲಿಸುವವರಿಗೆ ನಾಲ್ಕು ತಿಂಗಳ ಗುತ್ತಿಗೆ ಸಾಲದು

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಾನು ಯಳಂದೂರು ಕಡೆಯವನು. ಹದಿನೆಂಟು ವರ್ಷದಿಂದ ಪಶ್ಚಿಮ ಕೆನಡಾದಲ್ಲಿದ್ದೇನೆ. ನಿಮ್ಮ ಪತ್ರಿಕೆಯನ್ನು ದಿನಾ ಬೆಳಿಗ್ಗೆ ಫೋನಿನಲ್ಲಿ ಓದುತ್ತೇನೆ. ಅತಿಥಿ ಉಪನ್ಯಾಸಕರ ಕಷ್ಟದ ಬಗ್ಗೆ ಓದಿದಾಗಲೆಲ್ಲ ಇಲ್ಲಿನ ಒಂದು ಸಂಗತಿ ಬರೆಯಬೇಕು ಅಂದುಕೊಳ್ಳುತ್ತಿದ್ದೆ. ಕಳೆದ ವಾರ ಒಂದು ಜಾಹೀರಾತು ನೋಡಿದ ಮೇಲೆ ಸುಮ್ನೆ ಕೂರಲು ಆಗಲಿಲ್ಲ.

ಜಾಹೀರಾತು ಇಲ್ಲಿನ ಒಂದು ವಿಶ್ವವಿದ್ಯಾಲಯದ್ದು. ಹೆಸರು ಬೇಡ. ಮೂಲನಿವಾಸಿಗಳ ಸಣ್ಣಕತೆ ಕಲಿಸಲು ಅರೆಕಾಲಿಕ ಉಪನ್ಯಾಸಕರು ಬೇಕಂತೆ. ಒಂದೇ ಕೋರ್ಸು, ಸೆಪ್ಟೆಂಬರಿನಿಂದ ಡಿಸೆಂಬರ್. ಪಿಎಚ್‌ಡಿ ಆಗಿರಬೇಕು ಅಥವಾ ಮುಗಿಯುವ ಹಂತದಲ್ಲಿರಬೇಕು, ಪಾಠ ಮಾಡಿದ ಅನುಭವ ಇರಬೇಕು, ಮೂಲನಿವಾಸಿಗಳಾದರೆ ಆದ್ಯತೆ, ಆ ಸಮುದಾಯಗಳ ಜೊತೆ ಗಟ್ಟಿ ಒಡನಾಟ ಇರಬೇಕು. ಇಷ್ಟೆಲ್ಲ ಕೇಳಿ, ಕೊನೆಯಲ್ಲಿ ಮುಂದಿನ ಸಲ ಕೆಲಸ ಸಿಗುವ ಭರವಸೆ ಇಲ್ಲ ಅಂತ ಒಂದು ಸಾಲು. ಹೀಗೆ ಬರುವವರನ್ನು ಇಲ್ಲಿ ಸೆಷನಲ್ ಲೆಕ್ಚರರ್ ಅನ್ನುತ್ತಾರೆ. ನಮ್ಮ ಅತಿಥಿ ಉಪನ್ಯಾಸಕರು ಇದ್ದ ಹಾಗೆ. ಸಂಬಳ ಕೋರ್ಸಿಗೆ ಇಷ್ಟು ಅಂತ. ಹಲವು ಕಡೆ 7ರಿಂದ 9 ಸಾವಿರ ಡಾಲರ್. ರೂಪಾಯಿ ಲೆಕ್ಕ ಹಾಕಿದರೆ ಜಾಸ್ತಿ ಅನಿಸಬಹುದು, ಆದರೆ ದೊಡ್ಡ ಊರುಗಳಲ್ಲಿ ನಾಲ್ಕು ತಿಂಗಳ ಮನೆ ಬಾಡಿಗೆಗೇ ಅದರ ಬಹುಪಾಲು ಹೋಗುತ್ತದೆ.

ನನಗೆ ಯಾಕೆ ಇಷ್ಟು ಸಂಕಟ ಅಂದರೆ, ಐದು ವರ್ಷದ ಹಿಂದೆ ಇದೇ ಕೋರ್ಸಿಗೆ ನಾನು ಸೇರಿದ್ದೆ. ಹಗಲು ಕೆಲಸ, ಸಂಜೆ ಕ್ಲಾಸು. ಕಲಿಸಿದವರು ಇಲ್ಲಿನ ಮೂಲನಿವಾಸಿಗಳಾದ ಕ್ರೀ ಸಮುದಾಯದ ಒಬ್ಬ ಹೆಣ್ಣುಮಗಳು. ಮೊದಲ ದಿನವೇ ಬೆಂಚುಗಳನ್ನು ಸರಿಸಿ ಎಲ್ಲರನ್ನೂ ದುಂಡಗೆ ಕೂರಿಸಿದರು. ಕ್ರೀ ಭಾಷೆಯಲ್ಲಿ ಕತೆಗೆ ಎರಡು ಮಾತಿವೆ ಅಂತ ಹೇಳಿದರು. ಆಚಿಮೊವಿನ್ ಅಂದರೆ ನಡೆದ ಸಂಗತಿ, ಸುದ್ದಿ, ನಮ್ಮ ನಿಮ್ಮ ಬದುಕಿನ ಕತೆ. ಆತಯೋಕೆವಿನ್ ಅಂದರೆ ಲೋಕ ಹುಟ್ಟಿದ್ದು, ಪ್ರಾಣಿಗಳು ಮಾತಾಡಿದ್ದು, ಅಂಥ ಪವಿತ್ರ ಕತೆ. ಎರಡನೆಯದನ್ನು ನೆಲದ ಮೇಲೆ ಹಿಮ ಇರುವಾಗ ಮಾತ್ರ ಹೇಳುವುದು ವಾಡಿಕೆ. ಪಠ್ಯದಲ್ಲಿ ಅಂಥದ್ದೊಂದು ಸೆಪ್ಟೆಂಬರಿನ ಎರಡನೇ ವಾರಕ್ಕೇ ಇತ್ತು. ಮೇಡಂ ಅದನ್ನು ಮುಂದಕ್ಕೆ ಹಾಕಿದರು. ನವೆಂಬರಿನಲ್ಲಿ ಕಿಟಕಿಯಾಚೆ ಹಿಮ ಬಿದ್ದು ನೆಲ ಮುಚ್ಚಿದ ಮೇಲೆ, ದೂರದ ರಿಸರ್ವಿನಿಂದ, ಅಂದರೆ ಮೂಲನಿವಾಸಿಗಳಿಗೆ ಮೀಸಲಿಟ್ಟ ಜಾಗದಿಂದ, ಒಬ್ಬ ಅಜ್ಜಿಯನ್ನು ತಮ್ಮ ಕಾರಿನಲ್ಲೇ ಕರೆತಂದು ಹೇಳಿಸಿದರು. ಹೋಗಿ ಬರಲು ಆರು ಗಂಟೆ. ಹಿರಿಯರನ್ನು ಕತೆ ಹೇಳಿ ಅಂತ ಕೇಳುವ ಮೊದಲು ಹೊಗೆಸೊಪ್ಪು ಕೊಟ್ಟು ಕೇಳಬೇಕು, ಅದು ಅವರ ರೀತಿ. ನಾವು ಎಲೆ ಅಡಿಕೆ ಇಟ್ಟು ಕರೆಯುವುದಿಲ್ಲವೇ, ಹಾಗೆ. ಹೊಗೆಸೊಪ್ಪು, ಪೆಟ್ರೋಲು, ಅಜ್ಜಿಯ ಊಟ ಎಲ್ಲವೂ ಮೇಡಂ ಕೈಯಿಂದಲೇ. ಆ ಖರ್ಚಿಗೆ ಬಿಲ್ಲು ಹಾಕುವ ದಾರಿ ಸೆಷನಲ್‌ಗಳಿಗೆ ಇರಲಿಲ್ಲ. ಇದು ನನಗೆ ಆಮೇಲೆ ಗೊತ್ತಾಯಿತು.

ಮಾರಿಯಾ ಕ್ಯಾಂಪ್‌ಬೆಲ್ ಅನ್ನೋ ಮೆಟಿ (ಮೂಲನಿವಾಸಿಗಳು ಮತ್ತು ಯುರೋಪಿನಿಂದ ಬಂದವರು ಬೆರೆತು ಬೆಳೆದ ಸಮುದಾಯ) ಲೇಖಕಿ 1995ರಲ್ಲಿ ತಂದ ಒಂದು ಪುಸ್ತಕವನ್ನೂ ಓದಿದೆವು. ಊರಿನ ಹಿರಿಯರು ತಮ್ಮ ಭಾಷೆಯಲ್ಲಿ ಹೇಳಿದ ಕತೆಗಳನ್ನು ತಮ್ಮ ಹಳ್ಳಿಯ ಇಂಗ್ಲಿಷಿಗೇ ತಂದು ಬರೆದಿದ್ದಾರೆ. ನನಗೆ ಮೊದಲು ಒಂದು ಪುಟವೂ ಅರ್ಥವಾಗಲಿಲ್ಲ. ಮೇಡಂ ಜೋರಾಗಿ ಓದಿದರು. ಕಿವಿಗೆ ಬಿದ್ದ ತಕ್ಷಣ ಎಲ್ಲಾ ಬಿಡಿಸಿಕೊಂಡಿತು. ನಮ್ಮ ಚಾಮರಾಜನಗರದ ಮಾತನ್ನು ಬೆಂಗಳೂರಿನವರು ಪುಸ್ತಕದಲ್ಲಿ ಓದಿದರೆ ತಡವರಿಸುತ್ತಾರೆ, ನಮ್ಮೂರ ಅಜ್ಜಿ ಓದಿ ಹೇಳಿದರೆ ನಗುತ್ತಾರೆ, ಅಲ್ವಾ? ಆ ದನಿ ಗೊತ್ತಿರುವವರು ಬೇಕು. ಅದು ಪಿಎಚ್‌ಡಿ ಸರ್ಟಿಫಿಕೇಟಿನಲ್ಲಿ ಬರುವುದಿಲ್ಲ.

ಜನವರಿಯಲ್ಲಿ ಒಂದು ಪುಸ್ತಕ ವಾಪಸ್ ಕೊಡಲು ಹೋದೆ. ಮೇಡಂ ಇರಲಿಲ್ಲ. ಗುತ್ತಿಗೆ ಮುಗಿದಿತ್ತು. ಅವರ ವಿಶ್ವವಿದ್ಯಾಲಯದ ಇಮೇಲ್ ಕೂಡ ನಿಂತುಹೋಗಿತ್ತು. ಮರುವರ್ಷ ಬೇರೊಬ್ಬರು ಬಂದರು. ಅದರ ಮರುವರ್ಷ ಕೋರ್ಸೇ ಇರಲಿಲ್ಲ. ಈಗ ಮತ್ತೆ ಜಾಹೀರಾತು.

ಇದು ಬರೀ ಒಬ್ಬರ ಸಂಬಳದ ಪ್ರಶ್ನೆ ಅಂತ ದಯವಿಟ್ಟು ನೋಡಬೇಡಿ. ಈ ದೇಶದಲ್ಲಿ ಮೂಲನಿವಾಸಿಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ವಸತಿ ಶಾಲೆಗಳಿಗೆ ಹಾಕಿದ್ದರು. ಸರ್ಕಾರದ ದುಡ್ಡು, ಚರ್ಚುಗಳ ಆಡಳಿತ. ಮನೆಮಾತು ಆಡಿದರೆ ಹೊಡೆತ. ಸಾವಿರಾರು ಮಕ್ಕಳು ಅಲ್ಲೇ ಸತ್ತರು. ಕೊನೆಯ ಶಾಲೆಗಳು ಮುಚ್ಚಿದ್ದು 1990ರ ದಶಕದಲ್ಲಿ, ಅಂದರೆ ನಾನು ಹೈಸ್ಕೂಲಿನಲ್ಲಿದ್ದಾಗ. ಅಜ್ಜಿಯ ಕತೆ ಮೊಮ್ಮಗಳಿಗೆ ಸಿಗದ ಹಾಗೆ ಬೇಕೆಂದೇ ಮಾಡಿದ ವ್ಯವಸ್ಥೆ ಅದು. ಈ ಶಾಲೆಗಳಲ್ಲಿ ನಡೆದದ್ದನ್ನು ವಿಚಾರಿಸಿದ ಸತ್ಯ ಮತ್ತು ಸಾಮರಸ್ಯ ಆಯೋಗ 2015ರಲ್ಲಿ 94 ಶಿಫಾರಸುಗಳನ್ನು ಕೊಟ್ಟ ಮೇಲೆ ವಿಶ್ವವಿದ್ಯಾಲಯಗಳು ಎಚ್ಚೆತ್ತವು. ವಿನಿಪೆಗ್ ಮತ್ತು ಲೇಕ್‌ಹೆಡ್ ವಿಶ್ವವಿದ್ಯಾಲಯಗಳು 2016ರಿಂದ ಮೂಲನಿವಾಸಿಗಳ ಬಗ್ಗೆ ಒಂದು ಕೋರ್ಸನ್ನು ಕಡ್ಡಾಯ ಮಾಡಿದವು. ಒಳ್ಳೆಯದೇ. ಆದರೆ ಕೋರ್ಸು ಹೆಚ್ಚಿದರೆ ಸಾಕೇ? ಕಲಿಸುವವರು ನಾಲ್ಕು ತಿಂಗಳಿಗೊಮ್ಮೆ ಬದಲಾದರೆ ಆ ಅಜ್ಜಿಯ ಮನೆಗೆ ಮತ್ತೆ ಯಾರು ಹೋಗಬೇಕು? ಹೊಸಬರು ಬಂದು ಮೊದಲಿಂದ ಪರಿಚಯ ಮಾಡಿಕೊಳ್ಳಬೇಕು. ಅಷ್ಟರಲ್ಲಿ ಅವರ ಗುತ್ತಿಗೆಯೂ ಮುಗಿದಿರುತ್ತದೆ. ಕೇಳಿಸಿಕೊಂಡು ಹೋದವರು ವಾಪಸ್ ಬರಲಿಲ್ಲ ಅನ್ನೋ ಬೇಸರ ಊರಿನವರಿಗೆ.

ಇನ್ನೊಂದು ವಿಷಯ. ಮೂಲನಿವಾಸಿಗಳಿಗೆ ಆದ್ಯತೆ ಅಂತ ಬರೆದುಬಿಟ್ಟರೆ ಆಗಲಿಲ್ಲ. ಯಾರು ಮೂಲನಿವಾಸಿ ಅಂತ ತೀರ್ಮಾನಿಸುವುದು ಇಲ್ಲಿ ಸುಲಭವಿಲ್ಲ. ಕ್ರೀ ಜನರಂಥ ಫಸ್ಟ್ ನೇಷನ್ ಸಮುದಾಯಗಳು 600ಕ್ಕೂ ಹೆಚ್ಚಿವೆ, ಜೊತೆಗೆ ಮೆಟಿ ಮತ್ತು ಉತ್ತರ ಧ್ರುವದ ಕಡೆಯ ಇನ್ಯೂಟ್ ಜನ. ಸರ್ಕಾರ ಕೊಡುವ ಗುರುತಿನ ಚೀಟಿಯೊಂದಿದೆ, ಅದು ಫಸ್ಟ್ ನೇಷನ್‌ನವರಿಗೆ ಮಾತ್ರ. ಅವರಲ್ಲೂ ಹೊರಗಿನ ಗಂಡಸನ್ನು ಮದುವೆಯಾದ ಹೆಂಗಸರ ಹಕ್ಕನ್ನು 1985ರವರೆಗೆ ಕಾನೂನೇ ಕಿತ್ತುಕೊಳ್ಳುತ್ತಿತ್ತು. ಹಾಗಾಗಿ ಚೀಟಿ ಇಲ್ಲದ ನಿಜವಾದವರು ತುಂಬಾ ಜನ. ಇನ್ನೊಂದು ಕಡೆ ಸುಳ್ಳು ಹೇಳಿ ಕೆಲಸಕ್ಕೆ ಸೇರಿದವರೂ ಇದ್ದಾರೆ. ಸಸ್ಕಾಚೆವನ್ ವಿಶ್ವವಿದ್ಯಾಲಯದಲ್ಲಿ 2021ರಲ್ಲಿ ಇಂಥ ವಿವಾದ ಎದ್ದು, ಮರುವರ್ಷ ಮೂಲ ಪರಿಶೀಲಿಸಲು ಹೊಸ ನಿಯಮವೇ ಬಂತು. ನಮ್ಮಲ್ಲಿ ಸುಳ್ಳು ಜಾತಿ ಪ್ರಮಾಣಪತ್ರದ ಗಲಾಟೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ನೀವು ಯಾರು ಅನ್ನುವುದಕ್ಕಿಂತ ನಿಮ್ಮನ್ನು ಯಾರು ತಮ್ಮವರು ಅನ್ನುತ್ತಾರೆ ಅಂತ ಇಲ್ಲಿನ ಹಿರಿಯರು ಕೇಳುತ್ತಾರೆ. ಸರಿಯಾದ ಪ್ರಶ್ನೆ. ಆದರೆ ಅದಕ್ಕೆ ಉತ್ತರ ಹುಡುಕಲು ಸಮಯ ಬೇಕು, ಆಯ್ಕೆ ಸಮಿತಿಯಲ್ಲಿ ಆ ಸಮುದಾಯದ ಹಿರಿಯರು ಕೂರಬೇಕು. ಆಗಸ್ಟಿನಲ್ಲಿ ಜಾಹೀರಾತು ಹಾಕಿ ಎರಡು ವಾರದಲ್ಲಿ ಯಾರನ್ನೋ ತುಂಬಿಕೊಂಡರೆ ಅದೆಲ್ಲ ಎಲ್ಲಿ ಆಗುತ್ತದೆ?

ಆ ಕ್ಲಾಸಿನಲ್ಲಿ ಕೂತಾಗ ನನಗೆ ಬಿಳಿಗಿರಿರಂಗನ ಬೆಟ್ಟ ನೆನಪಾಗುತ್ತಿತ್ತು. ಸೋಲಿಗರು ಜೇನು, ಸೀಗೆಕಾಯಿ ತಂದು ನಮ್ಮ ಸಂತೆಯಲ್ಲಿ ಮಾರುತ್ತಿದ್ದರು. ರಂಗಸ್ವಾಮಿ ತಮ್ಮ ಹುಡುಗಿ ಕುಸುಮಾಲೆಯನ್ನು ಮದುವೆಯಾದ, ಹಾಗಾಗಿ ದೇವರೇ ತಮಗೆ ಭಾವ ಅನ್ನುವ ಜನ ಅವರು. ನನ್ನ ತರಗತಿಯಲ್ಲೇ ಇಬ್ಬರು ಸೋಲಿಗರ ಹುಡುಗರಿದ್ದರು. ಹತ್ತು ವರ್ಷ ಒಟ್ಟಿಗೆ ಓದಿದರೂ ಅವರ ಒಂದು ಕತೆಯನ್ನೂ ನಾನು ಕೇಳಲಿಲ್ಲ, ನಮ್ಮ ಮೇಷ್ಟ್ರೂ ಕೇಳಲಿಲ್ಲ. ಹನ್ನೆರಡು ಸಾವಿರ ಕಿಲೋಮೀಟರು ದೂರ ಬಂದು, ಇನ್ಯಾರದೋ ಅಜ್ಜಿ ಹೇಳಿದ್ದು ಕೇಳಿ, ಅದು ಹೊಳೆಯಿತು. ಕನ್ನಡ ವಿಶ್ವವಿದ್ಯಾಲಯದಲ್ಲಿ ಬುಡಕಟ್ಟು ಅಧ್ಯಯನ ವಿಭಾಗ ಇದೆ, ಅದು ದೊಡ್ಡ ಕೆಲಸ. ಆದರೆ ನಮ್ಮ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಪಾಠ ಮಾಡುವವರಲ್ಲಿ ಸಾವಿರಾರು ಜನ ಅತಿಥಿಗಳೇ. 2022ರಲ್ಲಿ ಏರಿಸುವ ಮೊದಲು ಅವರಿಗೆ ತಿಂಗಳಿಗೆ ಸಿಗುತ್ತಿದ್ದದ್ದು 11ರಿಂದ 13 ಸಾವಿರ. ಅಂಥ ಕೆಲಸಕ್ಕೆ ಓದಿದ ಸೋಲಿಗರ ಹುಡುಗಿಯೊಬ್ಬಳು ಬಂದು, ಬೆಟ್ಟದ ಕತೆಗಳನ್ನು ವರ್ಷಗಟ್ಟಲೆ ಕೂಡಿಟ್ಟು ಕಲಿಸುತ್ತಾಳೆ ಅಂತ ನಾವು ಹೇಗೆ ನಿರೀಕ್ಷಿಸೋಣ?

ಇಲ್ಲಿನ ವಿಶ್ವವಿದ್ಯಾಲಯಗಳನ್ನು ನಾನು ಕೇಳುವುದು ಇಷ್ಟು. ಒಂದು ಕೋರ್ಸಿನ ಗುತ್ತಿಗೆ ಬಿಟ್ಟು ಕಾಯಂ ಹುದ್ದೆ ಮಾಡಿ. ಅದು ಆಗುವವರೆಗೆ ಕನಿಷ್ಠ ಮೂರು ವರ್ಷದ ನೇಮಕ ಕೊಡಿ. ಊರಿಗೆ ಹೋಗಿ ಬರುವ ದಿನಗಳನ್ನು ಕೆಲಸ ಅಂತಲೇ ಲೆಕ್ಕ ಹಾಕಿ. ಬರುವ ಹಿರಿಯರಿಗೆ ಗೌರವಧನ ವಿಶ್ವವಿದ್ಯಾಲಯವೇ ಕೊಡಲಿ. ಹಿರಿಯರೊಬ್ಬರು ಡಿಗ್ರಿ ಇಲ್ಲದೆ ಕಲಿಸಲು ಒಪ್ಪಿದರೆ ಅವರಿಗೂ ಸಂಬಳದ ಹುದ್ದೆ ಸಿಗಲಿ. ಇದನ್ನೇ ಇಂಗ್ಲಿಷಿನಲ್ಲಿ ಬರೆದು ಜಾಹೀರಾತು ಹಾಕಿದ ವಿಭಾಗಕ್ಕೂ ಕಳಿಸಿದ್ದೇನೆ.

ಕನ್ನಡ ಪತ್ರಿಕೆಗೆ ಯಾಕೆ ಬರೆದೆ ಅಂದರೆ, ಕೆನಡಾಗೆ ಓದಲು ಬರುವ ಹೊರದೇಶದ ಮಕ್ಕಳಲ್ಲಿ ಭಾರತದವರೇ ಹೆಚ್ಚು. ಇಲ್ಲಿನವರಿಗಿಂತ ಹಲವು ಪಟ್ಟು ಜಾಸ್ತಿ ಫೀಸು ಕಟ್ಟುತ್ತೀರಿ. ಸೈಟು ಮಾರಿ, ಸಾಲ ಮಾಡಿ ಕಟ್ಟಿದ ದುಡ್ಡು. ಈ ವಿಶ್ವವಿದ್ಯಾಲಯಗಳು ನಿಮ್ಮ ಮಾತನ್ನು ಕೇಳಲೇಬೇಕು. ನಿಮ್ಮ ಮಗನೋ ಮಗಳೋ ಸೆಪ್ಟೆಂಬರಿಗೆ ಬರುವವರಿದ್ದರೆ, ಕಂಪ್ಯೂಟರ್ ಓದಲಿ, ಬಿಸಿನೆಸ್ ಓದಲಿ, ಒಂದು ಐಚ್ಛಿಕ ಕೋರ್ಸು ತಗೊಳ್ಳುವ ಅವಕಾಶ ಸಾಮಾನ್ಯವಾಗಿ ಇರುತ್ತದೆ. ಮೂಲನಿವಾಸಿಗಳ ಕತೆಯ ಇಂಥ ಕೋರ್ಸನ್ನು ತಗೊಳ್ಳಲು ಹೇಳಿ. ಕೋರ್ಸು ಮುಗಿಯುವ ಹೊತ್ತಿಗೆ ಅಭಿಪ್ರಾಯ ಕೇಳುವ ಫಾರಂ ಬರುತ್ತದೆ, ಹೆಚ್ಚಿನ ಮಕ್ಕಳು ಅದನ್ನು ತೆರೆಯುವುದೂ ಇಲ್ಲ. ಅದರಲ್ಲಿ ಎರಡು ಸಾಲು ಬರೆಯಲಿ, ಈ ಮೇಡಂ ಮುಂದಿನ ವರ್ಷವೂ ಇಲ್ಲೇ ಇರಬೇಕು ಅಂತ.

ಇಂತಿ ನಿಮ್ಮ ಓದುಗ,
ಯಳಂದೂರಿನವನು, ಈಗ ಕೆನಡಾ